ತಂಡದ ಫ್ರಂಟ್‌ಎಂಡ್ ಪ್ರಾಜೆಕ್ಟನ್ನು ನಿಮ್ಮ ಕಂಪ್ಯೂಟರಿನಲ್ಲಿ ಅಣಿಗೊಳಿಸುವ ಬಗೆ

ಹಲವರು ಸೇರಿ ಬರೆಯುತ್ತಿರುವ ಪ್ರಾಜೆಕ್ಟೊಂದನ್ನು ಮೊದಲ ಸಲ ಇಳಿಸಿಕೊಂಡು ಓಡಿಸುವಾಗ ಕಾಡುವ ತೊಡಕುಗಳಲ್ಲಿ ಬಹುಪಾಲು ಕೋಡ್‌ನ ದೋಷಗಳಾಗಿರುವುದಿಲ್ಲ. ಒಬ್ಬರ ಕಂಪ್ಯೂಟರಿನಲ್ಲಿರುವ ಆವೃತ್ತಿ ಮತ್ತೊಬ್ಬರಲ್ಲಿ ಇಲ್ಲದಿರುವುದರಿಂದ ಹುಟ್ಟಿದವಾಗಿರುತ್ತವೆ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿರುವ, ವೀಟ್ (ಬಿಲ್ಡ್ ಮಾಡುವ ಸಾಧನ) ಮತ್ತು ರಿಯಾಕ್ಟ್ (ಪುಟಗಳನ್ನು ಕಟ್ಟುವ ಲೈಬ್ರರಿ) ಬಳಸಿದ ಪ್ರಾಜೆಕ್ಟೊಂದನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಮೂಲ ರೆಪೊಸಿಟರಿಗೆ (ಪ್ರಾಜೆಕ್ಟಿನ ಕೋಡ್ ಇರುವ ಸಂಗ್ರಹ) ಬರೆಯುವ ಅನುಮತಿ ನಿಮಗಿದ್ದರೆ ನೇರವಾಗಿ ಕ್ಲೋನ್ ಮಾಡಿಕೊಳ್ಳಿ, ಅಂದರೆ ನಿಮ್ಮ ಕಂಪ್ಯೂಟರಿಗೆ ಅದರ ನಕಲನ್ನು ಇಳಿಸಿಕೊಳ್ಳಿ. ಇಲ್ಲವಾದರೆ ಫೋರ್ಕ್ ಮಾಡಿ, ಅಂದರೆ ಗಿಟ್‌ಹಬ್‌ನಲ್ಲೇ ನಿಮ್ಮ ಖಾತೆಗೆ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯನ್ನು ಕ್ಲೋನ್ ಮಾಡಿ, ಮೂಲವನ್ನು ‘ಅಪ್‌ಸ್ಟ್ರೀಮ್’ ಎಂಬ ಹೆಸರಿನ ರಿಮೋಟ್ (ದೂರದ ರೆಪೊಸಿಟರಿಯ ಕೊಂಡಿ) ಆಗಿ ಸೇರಿಸಿಕೊಳ್ಳಿ. ಮುಂದಿನದು ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶವಾದ ನೋಡ್‌ನ ಆವೃತ್ತಿ. ಪ್ರಾಜೆಕ್ಟಿನಲ್ಲಿ ‘.ಎನ್‌ವಿಎಮ್‌ಆರ್‌ಸಿ’ ಫೈಲ್ ಇದ್ದರೆ, ಟರ್ಮಿನಲ್‌ನಲ್ಲಿ ‘ಎನ್‌ವಿಎಮ್ ಇನ್‌ಸ್ಟಾಲ್’ ಎಂದು ಕೊಟ್ಟರೆ ಸಾಕು (ಎನ್‌ವಿಎಮ್ ಎಂದರೆ ನೋಡ್‌ನ ಆವೃತ್ತಿಗಳನ್ನು ನಿರ್ವಹಿಸುವ ಸಾಧನ), ಅದರಲ್ಲಿ ಬರೆದಿರುವ ಆವೃತ್ತಿಯೇ ಬಂದು ಕೂರುತ್ತದೆ. ಅಂಥ ಫೈಲ್ ಇಲ್ಲದಿದ್ದರೆ ಅದನ್ನು ಸೇರಿಸುವುದನ್ನೇ ನಿಮ್ಮ ಮೊದಲ ಕೊಡುಗೆಯಾಗಿಸಬಹುದು.

ಹೆಚ್ಚಿನವರು ಎಡವುವುದು ಪ್ಯಾಕೇಜುಗಳನ್ನು ಹಾಕಿಕೊಳ್ಳುವಾಗ. ನೋಡ್‌ನ ಪ್ಯಾಕೇಜುಗಳನ್ನು ತರುವ ಸಾಧನ ಎನ್‌ಪಿಎಮ್. ‘ಎನ್‌ಪಿಎಮ್ ಇನ್‌ಸ್ಟಾಲ್’ ಕೆಲವೊಮ್ಮೆ ಪ್ಯಾಕೇಜುಗಳ ನಿಖರ ಆವೃತ್ತಿಗಳನ್ನು ಬರೆದಿಟ್ಟಿರುವ ಲಾಕ್ ಫೈಲನ್ನೇ ಬದಲಿಸಿಬಿಡುತ್ತದೆ. ಆ ಬದಲಾವಣೆ ನಿಮಗೆ ಅರಿವಿಲ್ಲದಂತೆ ಕಮಿಟ್‌ನೊಳಗೆ (ಗಿಟ್‌ನಲ್ಲಿ ದಾಖಲಿಸುವ ಬದಲಾವಣೆಗಳ ಕಂತು) ಸೇರಿ, ಪರಿಶೀಲಿಸುವವರ ಮುಂದೆ ಸಾವಿರಾರು ಸಾಲುಗಳಾಗಿ ಬಿದ್ದಿರುತ್ತದೆ. ‘ಎನ್‌ಪಿಎಮ್ ಸಿಐ’ ಹಾಗಲ್ಲ: ಅದು ಹಳೆಯ ‘ನೋಡ್ ಮಾಡ್ಯೂಲ್ಸ್’ ಫೋಲ್ಡರನ್ನು ಅಳಿಸಿ, ಲಾಕ್ ಫೈಲಿನಲ್ಲಿ ನಮೂದಾದ ಆವೃತ್ತಿಗಳನ್ನಷ್ಟೇ ತರುತ್ತದೆ, ಬೇಕಾದ ಪ್ಯಾಕೇಜುಗಳ ಪಟ್ಟಿಯಿರುವ ‘ಪ್ಯಾಕೇಜ್.ಜೆಸನ್’ಗೂ ಲಾಕ್ ಫೈಲಿಗೂ ತಾಳೆಯಾಗದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಹೊಸ ಪ್ಯಾಕೇಜ್ ಸೇರಿಸುವಾಗ ಮಾತ್ರ ‘ಇನ್‌ಸ್ಟಾಲ್’ ಬಳಸಿ. ಲಾಕ್ ಫೈಲಿನಲ್ಲಿ ಮರ್ಜ್ ಕಾನ್‌ಫ್ಲಿಕ್ಟ್ (ಇಬ್ಬರ ಬದಲಾವಣೆಗಳ ನಡುವೆ ತಿಕ್ಕಾಟ) ಬಂದರೆ ಅದನ್ನು ಕೈಯಿಂದ ತಿದ್ದಲು ಕೂರುವುದು ವ್ಯರ್ಥ ಶ್ರಮ, ‘ಪ್ಯಾಕೇಜ್.ಜೆಸನ್’ ಸರಿಪಡಿಸಿ ‘ಇನ್‌ಸ್ಟಾಲ್’ ಓಡಿಸಿದರೆ ಉಳಿದುದನ್ನು ಎನ್‌ಪಿಎಮ್ ನೋಡಿಕೊಳ್ಳುತ್ತದೆ. ತಂಡದವರು ಎನ್‌ಪಿಎಮ್ ಬದಲು ಅಂಥದ್ದೇ ಸಾಧನಗಳಾದ ಯಾರ್ನ್ ಅಥವಾ ಪಿಎನ್‌ಪಿಎಮ್ ಬಳಸುತ್ತಿದ್ದರೆ ನೀವೂ ಅದನ್ನೇ ಬಳಸಬೇಕು, ಇಲ್ಲಿ ಸ್ವಂತ ಅಭಿರುಚಿಗೆ ಎಡೆಯಿಲ್ಲ.

ಪ್ರಾಜೆಕ್ಟಿನ ಸೆಟ್ಟಿಂಗ್‌ಗಳ ಮಾದರಿಯಾದ ‘.ಎನ್ವ್.ಎಕ್ಸಾಂಪಲ್’ ಫೈಲನ್ನು ‘.ಎನ್ವ್.ಲೋಕಲ್’ ಎಂದು ನಕಲಿಸಿ ನಿಮ್ಮ ಮೌಲ್ಯಗಳನ್ನು ತುಂಬಿ, ಅದು ಗಿಟ್ ಕಡೆಗಣಿಸಬೇಕಾದ ಫೈಲುಗಳ ಪಟ್ಟಿಯಾದ ‘.ಗಿಟ್‌ಇಗ್ನೋರ್’ನಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ‘ವೀಟ್_’ ಎಂದು ಆರಂಭವಾಗುವ ವೇರಿಯಬಲ್‌ಗಳನ್ನು ಕೋಡ್‌ನಲ್ಲಿ ಬಳಸಿದರೆ ಅವುಗಳ ಮೌಲ್ಯಗಳು ಬ್ರೌಸರಿಗೆ ತಲುಪುತ್ತವೆಯಾದ್ದರಿಂದ ಗುಟ್ಟಿನ ಕೀಗಳನ್ನು ಅವುಗಳಲ್ಲಿ ಇಡಲೇಬಾರದು.

ಈಗ ‘ಎನ್‌ಪಿಎಮ್ ರನ್ ಡೆವ್’ ಕೊಟ್ಟರೆ ಸಾಮಾನ್ಯವಾಗಿ 5173ನೇ ಪೋರ್ಟ್‌ನಲ್ಲಿ ಪುಟ ತೆರೆದುಕೊಳ್ಳುತ್ತದೆ. ಕೋಡ್ ಮುಟ್ಟುವ ಮೊದಲು ಹೊಸ ಬ್ರಾಂಚ್ (ನಿಮ್ಮ ಬದಲಾವಣೆಗಳಿಗಾಗಿ ಕೋಡ್‌ನ ಪ್ರತ್ಯೇಕ ಕವಲು) ತೆರೆಯಿರಿ.

ವಿಂಡೋಸ್ ಮತ್ತು ಲಿನಕ್ಸ್ ಬಳಸುವವರು ಒಂದೇ ತಂಡದಲ್ಲಿದ್ದರೆ ಇನ್ನೆರಡು ಎಚ್ಚರಿಕೆಗಳು ಬೇಕು. ಸಾಲಿನ ಕೊನೆಯ ಗುರುತುಗಳು ಎರಡರಲ್ಲೂ ಬೇರೆ ಬೇರೆಯಾದ್ದರಿಂದ ‘.ಗಿಟ್‌ಆಟ್ರಿಬ್ಯೂಟ್ಸ್’ ಫೈಲಿನಲ್ಲಿ ‘* ಟೆಕ್ಸ್ಟ್=ಆಟೋ’ ಎಂದು ಬರೆದಿಡಿ. ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನು ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ನಿಮ್ಮಲ್ಲಿ ಚೆನ್ನಾಗಿ ಓಡಿದ ಇಂಪೋರ್ಟ್ ಸರ್ವರಿನಲ್ಲಿ ಬಿಲ್ಡ್ ಆಗುವಾಗ ಮುರಿದರೆ ಮೊದಲು ಇದನ್ನೇ ಶಂಕಿಸಿ, ಹೆಸರನ್ನು ‘ಗಿಟ್ ಎಮ್‌ವಿ’ ಮೂಲಕ ಬದಲಿಸಿ.