ಚೆಂಡು ನೋಡಬೇಡ, ತಲೆ ನೋಡು

ನನ್ನ ಕೊನೆಯ ಫುಟ್‌ಬಾಲ್ ಕ್ಲಬ್‌ನಲ್ಲಿ ಪ್ರತಿ ಪಂದ್ಯದ ಮರುದಿನ ಕೈಗೊಂದು ಹಾಳೆ ಕೊಡುತ್ತಿದ್ದರು. ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಸಲ ಚೆಂಡು ಮುಟ್ಟಿದೆ, ಎಷ್ಟು ಸಲ ಗೋಲಿನತ್ತ ಹೊಡೆದೆ, ಎಲ್ಲ ಅದರಲ್ಲಿ. ಒಂದು ಹಾಳೆ ಇನ್ನೂ ನನ್ನ ಹತ್ತಿರ ಇದೆ: ಆಡಿದ್ದು 90 ನಿಮಿಷ, ಚೆಂಡು ಮುಟ್ಟಿದ್ದು 17 ಸಲ, ಗೋಲು 2. ಆ 17ರಲ್ಲಿ ಎರಡು ಬರೀ ಕಿಕ್‌ಆಫ್. ಚೆಂಡು ಕಾಲಲ್ಲಿದ್ದ ಹೊತ್ತನ್ನೆಲ್ಲ ಕೂಡಿಸಿದರೂ ಒಂದು ನಿಮಿಷ ಆಗಲಿಕ್ಕಿಲ್ಲ. ಉಳಿದ 89 ನಿಮಿಷ ಇವನೇನು ಮಾಡುತ್ತಿದ್ದ ಎಂದು ನೀವು ಕೇಳಿದರೆ, ಗೋಲು ಹೊಡೆಯಲೆಂದೇ ಮುಂದೆ ಆಡುವ ಸ್ಟ್ರೈಕರ್‌ನ ಕೆಲಸ ಅದೇ. 14 ವರ್ಷ ಕ್ಲಬ್‌ಗಳಿಗೆ, ಅದರ ಮಧ್ಯದಲ್ಲೇ 7 ವರ್ಷ ದೇಶಕ್ಕೆ ಆಡಿದೆ. ಬಹುಪಾಲು ಆಡಿದ್ದು ಚೆಂಡಿಲ್ಲದೆ.

ಇದು ತಿಳಿದದ್ದು 18ನೇ ವಯಸ್ಸಿನಲ್ಲಿ, ಹಿರಿಯರ ತಂಡಕ್ಕೆ ಸೇರಿದ ಮೊದಲ ತಿಂಗಳು. ಜೂನಿಯರ್ ತಂಡದಲ್ಲಿ ನಾನು ಚೆಂಡು ಎಲ್ಲಿದೆಯೋ ಅಲ್ಲಿಗೆ ಓಡಿ, ಕಸಿದುಕೊಂಡು, ಇಬ್ಬರನ್ನು ದಾಟಿ ಹೊಡೆಯುತ್ತಿದ್ದೆ. ಇಲ್ಲಿ ಹಾಗೆ ಮಾಡಿದರೆ ಗೋಲಿನ ಮುಂದೆ ಕಾಯುವ ಡಿಫೆಂಡರ್, ಸೆಂಟರ್ ಬ್ಯಾಕ್, ಭುಜ ತಾಗಿಸಿದರೆ ಸಾಕು, ನಾನು ನೆಲದಲ್ಲಿ. ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ಮೈದಾನದ ಬದಿಯಲ್ಲಿ ಆಡುವ ನಮ್ಮ ವಿಂಗರ್, ನನಗಿಂತ ಹನ್ನೆರಡು ವರ್ಷ ದೊಡ್ಡವರು, ಕರೆದು ಹೇಳಿದರು: "ಏ ಹುಡುಗ, ನೀನು ಚೆಂಡು ನೋಡ್ಕೊಂಡು ಓಡ್ತೀಯ. ಚೆಂಡನ್ನ ನಾನು ನೋಡ್ಕೋತೀನಿ. ನೀನು ನನ್ನ ತಲೆ ನೋಡು."

ಏನಿದರ ಅರ್ಥ ಅಂದರೆ, ಬದಿಯಲ್ಲಿ ಚೆಂಡು ತರುತ್ತಿರುವವನ ಕಣ್ಣು ನೆಲದ ಮೇಲಿರುತ್ತದೆ. ಬದಿಯಿಂದ ಗೋಲಿನ ಮುಂದಕ್ಕೆ ಒದ್ದು ಕೊಡುವ ಪಾಸ್, ಅಂದರೆ ಕ್ರಾಸ್, ಕೊಡುವ ಮುಂಚೆ ಅವನು ಚೆಂಡನ್ನು ಒಂದು ಗೇಣು ಮುಂದೆ ತಳ್ಳಿ ತಲೆ ಎತ್ತುತ್ತಾನೆ, ಮತ್ತೆ ತಲೆ ತಗ್ಗಿಸಿ ಒದೆಯುತ್ತಾನೆ. ಆ ಎತ್ತುವಿಕೆಗೂ ಒದೆತಕ್ಕೂ ನಡುವೆ ಇರುವುದು ಒಂದು ಸೆಕೆಂಡೂ ಇಲ್ಲ. ಅದಕ್ಕೂ ಮೊದಲೇ ನೀವು ಓಡಿದ್ದರೆ ಅವನಿಗೆ ಕಾಣುವುದು ಓಡಿ ಮುಗಿಸಿ ನಿಂತ ನೀವು, ನಿಮ್ಮ ಪಕ್ಕದಲ್ಲಿ ಡಿಫೆಂಡರ್. ಒದ್ದ ಮೇಲೆ ಓಡಿದರೆ ಚೆಂಡಿಗಾಗಿ ಇಬ್ಬರ ಓಟದ ಪಂದ್ಯ. ತಲೆ ಎತ್ತಿದ ಕ್ಷಣಕ್ಕೆ ಮೊದಲ ಹೆಜ್ಜೆ ಬಿದ್ದರೆ ಮಾತ್ರ ಆ ಓಟ ಅವನ ಕಣ್ಣಿಗೆ ಬೀಳುತ್ತದೆ. ಒಬ್ಬೊಬ್ಬರು ತಲೆ ಎತ್ತುವ ರೀತಿ ಒಂದೊಂದು. ನನ್ನ ಆ ಹಿರಿಯರು ಎತ್ತುವ ಮೊದಲು ಎಡಭುಜ ಸ್ವಲ್ಪ ತಗ್ಗಿಸುತ್ತಿದ್ದರು. ಇದು ಎದುರಾಳಿಗಳಿಗೆ ಗೊತ್ತಿರಲಿಲ್ಲ, ಸ್ವತಃ ಅವರಿಗೂ ಗೊತ್ತಿರಲಿಲ್ಲ. ಆ ಭುಜದಿಂದ ನಾನು ಎರಡು ಸೀಸನ್ ಗೋಲು ಹೊಡೆದೆ.

ಇನ್ನು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ. ಡಿಫೆಂಡರ್‌ನ ಬೆನ್ನಿಗೆ, ಕುರುಡು ಭುಜದ ಕಡೆಗೆ. ಅವನು ಚೆಂಡು ನೋಡಿದರೆ ನಾನು ಕಾಣಬಾರದು, ನನ್ನನ್ನು ನೋಡಿದರೆ ಚೆಂಡು ಕಾಣಬಾರದು. ಎಷ್ಟೋ ಸಲ ನಾನು ಬೇಕೆಂದೇ ಆಫ್‌ಸೈಡ್ ಜಾಗದಲ್ಲಿ, ಅಂದರೆ ಚೆಂಡಿಗಿಂತಲೂ ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಅವರ ಗೋಲಿಗೆ ಹತ್ತಿರ, ನಿಂತಿರುತ್ತಿದ್ದೆ. ಟಿವಿ ನೋಡುವವರು "ಇವನಿಗೆ ಬುದ್ಧಿಯಿಲ್ಲ" ಅಂದುಕೊಳ್ಳುತ್ತಾರೆ. ಆದರೆ ಆಫ್‌ಸೈಡ್ ಜಾಗದಲ್ಲಿ ನಿಲ್ಲುವುದೇ ತಪ್ಪು ಎಂದು ನಿಯಮದಲ್ಲಿ ಎಲ್ಲೂ ಇಲ್ಲ. ಲೆಕ್ಕಕ್ಕೆ ಬರುವುದು ಸಹ ಆಟಗಾರ ಚೆಂಡು ಆಡಿದ ಆ ಕ್ಷಣ. ಅಲ್ಲಿಂದ ಎರಡು ಹೆಜ್ಜೆ ಹಿಂದೆ ಬಂದು, ಡಿಫೆಂಡರ್‌ನ ಸಮಕ್ಕೆ ನಿಂತು, ಪಾಸ್ ಹೊರಟ ತಕ್ಷಣ ಹೊರಟರೆ ಅವನಿನ್ನೂ ತಿರುಗುತ್ತಿರುತ್ತಾನೆ. ಸಮಕ್ಕೆ ಇದ್ದರೆ ಆಫ್‌ಸೈಡ್ ಅಲ್ಲ ಎಂದು ನಿಯಮ ಬದಲಾದದ್ದು 1990ರಲ್ಲಿ. ಅದಕ್ಕೂ ಹಿಂದೆ ಆಡಿದ ಸ್ಟ್ರೈಕರ್‌ಗಳನ್ನು ನೆನೆದರೆ ನನಗೆ ಅಯ್ಯೋ ಅನ್ನಿಸುತ್ತದೆ. 1925ಕ್ಕಿಂತ ಮುಂಚಿನವರದಂತೂ ಕೇಳಲೇಬೇಡಿ, ಅವರ ಮುಂದೆ ಎದುರಾಳಿಗಳು ಇಬ್ಬರಲ್ಲ, ಮೂವರು ಇರಬೇಕಿತ್ತು. ವಿಡಿಯೊ ನೋಡಿ ತೀರ್ಪು ಪರೀಕ್ಷಿಸುವ ವಿಎಆರ್ ಬಂದ ಮೇಲೆ ಇನ್ನೊಂದು ಕಷ್ಟ: ಗೋಲು ಹೊಡೆದ ಖುಷಿಯನ್ನು ಕಂತಿನಲ್ಲಿ ಪಡಬೇಕು.

ಗೋಲು ಹೊಡೆಯುವುದನ್ನು ಜನ ದೊಡ್ಡ ವಿದ್ಯೆ ಅಂದುಕೊಂಡಿದ್ದಾರೆ. ಗೋಲ್‌ಪೋಸ್ಟ್‌ಗಳ ನಡುವೆ 7.32 ಮೀಟರ್ ಇದೆ, ಎತ್ತರ 2.44. ಜಾಗಕ್ಕೇನೂ ಕೊರತೆಯಿಲ್ಲ, ಕೊರತೆಯಿರುವುದು ಹೊತ್ತಿಗೆ. ಹಾಗಾಗಿ ಒಂದೇ ತಟ್ಟಿಗೆ ಹೊಡೆಯುವುದನ್ನು ಕಲಿತೆ. ದಿನಾ ಅಭ್ಯಾಸ ಮುಗಿದ ಮೇಲೆ, ಕಾಲು ಸೋತಿರುವಾಗಲೇ, 20 ಚೆಂಡು. ಪಂದ್ಯದಲ್ಲೂ ಅವಕಾಶ ಬರುವುದು ಕಾಲು ಸೋತ ಮೇಲೆ ತಾನೆ. ಕೀಪರ್‌ನ ಕೈ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದೆ. ಅವನು ಹೆಜ್ಜೆ ಇಡುತ್ತಿರುವಾಗ ಭಾರವೆಲ್ಲ ಒಂದೇ ಕಾಲ ಮೇಲಿರುತ್ತದೆ, ಆ ಕಾಲಿನ ಕಡೆಗೆ ನೆಲ ಹಿಡಿದು ಹೋಗುವ ಚೆಂಡಿಗೆ ಅವನು ಬೀಳಲಾರ. ದೂರದ ಮೂಲೆಗೆ ಕೆಳಗೆ ಹೊಡೆಯುವುದರಲ್ಲಿ ಇನ್ನೊಂದು ಲಾಭವೂ ಇದೆ. ಕೀಪರ್ ತಡೆದರೂ ಚೆಂಡು ಗೋಲಿನ ಮುಂದೆಯೇ ಬೀಳುತ್ತದೆ, ಅಲ್ಲಿ ನಮ್ಮವನೊಬ್ಬ ಇದ್ದರೆ ಸಾಕು.

ಪಶ್ಚಿಮ ಜರ್ಮನಿಯ ಸ್ಟ್ರೈಕರ್ ಗರ್ಡ್ ಮುಲ್ಲರ್ 1974ರ ವಿಶ್ವಕಪ್ ಫೈನಲ್‌ನಲ್ಲಿ ಹೊಡೆದ ಗೋಲನ್ನು ನಾನು ನೂರು ಸಲವಾದರೂ ನೋಡಿದ್ದೇನೆ. ಚೆಂಡು ಅವರ ಕಾಲಿಗೆ ತಾಗಿ ಹಿಂದಕ್ಕೆ ಹೋಗುತ್ತದೆ. ಚೆಂಡು ಹಿಡಿತಕ್ಕೆ ಸಿಗಲಿಲ್ಲ ಅನ್ನಿಸುತ್ತದೆ. ಅವರು ಚೆಂಡಿನ ಹಿಂದೆಯೇ ಹಿಂದಕ್ಕೆ ಹೋಗಿ, ಗಿರಕಿ ತಿರುಗಿ, ಮೆಲ್ಲಗೆ ಮೂಲೆಗೆ ಉರುಳಿಸುತ್ತಾರೆ. ಜೋರೂ ಇಲ್ಲ, ಅಂದವೂ ಇಲ್ಲ. ಪಶ್ಚಿಮ ಜರ್ಮನಿ 2-1ರಿಂದ ಗೆದ್ದಿತು. ದೇಶಕ್ಕಾಗಿ 62 ಪಂದ್ಯ, 68 ಗೋಲು.

ದೇಶದ ತಂಡದ ಕರೆ ನನಗೆ ಬಂದದ್ದು 23ಕ್ಕೆ. ಕ್ಲಬ್‌ನಲ್ಲಿ ಆ ಸೀಸನ್ 19 ಗೋಲು ಹೊಡೆದಿದ್ದೆ, ಎದೆಯುಬ್ಬಿಸಿಕೊಂಡೇ ಹೋದೆ. ಮೊದಲ ಪಂದ್ಯಕ್ಕೆ 78ನೇ ನಿಮಿಷಕ್ಕೆ ಇಳಿಸಿದರು. ಆರು ಓಟ ಓಡಿದೆ, ಒಂದಕ್ಕೂ ಚೆಂಡು ಬರಲಿಲ್ಲ. ಎರಡನೆಯ ಪಂದ್ಯ, ಮೂರನೆಯ ಪಂದ್ಯ, ಅದೇ ಕತೆ. ಪತ್ರಿಕೆಗಳಲ್ಲಿ 'ಕ್ಲಬ್ಬಿಗೆ ಹುಲಿ, ದೇಶಕ್ಕೆ ಇಲಿ' ಅನ್ನುವ ಧಾಟಿಯ ಬರಹ ಶುರುವಾಯಿತು. ದೇಶದ ಬಗ್ಗೆ ಅಭಿಮಾನ ಸಾಲದು ಎಂದು ಬರೆದವರೂ ಇದ್ದರು. ಅಭಿಮಾನಕ್ಕೂ ಇದಕ್ಕೂ ಏನು ಸಂಬಂಧ? ಕ್ಲಬ್‌ನಲ್ಲಿ ವರ್ಷಕ್ಕೆ ಇನ್ನೂರು ದಿನ ಒಂದೇ ವಿಂಗರ್ ಜೊತೆ ಅಭ್ಯಾಸ ಮಾಡುತ್ತೇನೆ. ದೇಶದ ತಂಡ ಸೇರುವುದು ಸೋಮವಾರ, ಪಂದ್ಯ ಗುರುವಾರ. ಮಧ್ಯೆ ಮೂರು ಅಭ್ಯಾಸ, ಅದರಲ್ಲೊಂದು ಬರೀ ಕಾಲು ಸಡಿಲಿಸಲು. ಅಲ್ಲಿನ ವಿಂಗರ್ ಯಾವಾಗ ತಲೆ ಎತ್ತುತ್ತಾನೆ ಎಂಬುದೇ ನನಗೆ ಗೊತ್ತಿಲ್ಲ. ಅವನ ಕ್ಲಬ್‌ನ ಸ್ಟ್ರೈಕರ್ ನಿಯರ್ ಪೋಸ್ಟ್‌ಗೆ, ಅಂದರೆ ಚೆಂಡಿಗೆ ಹತ್ತಿರದ ಗೋಲ್‌ಪೋಸ್ಟ್‌ಗೆ, ಓಡುವವನು, ಅವನ ಕಾಲು ಅಲ್ಲಿಗೇ ಒದೆಯುತ್ತದೆ. ನಾನು ದೂರದ ಫಾರ್ ಪೋಸ್ಟ್‌ನಲ್ಲಿ ಬಾಯಿ ಬಿಟ್ಟುಕೊಂಡು ನಿಂತಿರುತ್ತೇನೆ.

ಉಪಾಯವೇನೂ ದೊಡ್ಡದಲ್ಲ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಹಿಡಿದೆ. ಅವನ ಕ್ಲಬ್ ಪಂದ್ಯಗಳ ವಿಡಿಯೊ ತರಿಸಿ, ಚೆಂಡು ಬಿಟ್ಟು ಅವನ ಕುತ್ತಿಗೆಯನ್ನೇ ನೋಡಿದೆ. ಅವನು ತಲೆ ಎತ್ತುವುದೇ ಅಪರೂಪ ಎಂದು ಆಗ ತಿಳಿಯಿತು. ಗೋಲ್‌ಲೈನ್ ಹತ್ತಿರವಾದ ಕೂಡಲೇ ನೋಡದೆ ಹಿಂದಕ್ಕೆ ಎಳೆದು ಕೊಡುವ ಅಭ್ಯಾಸ. ಸರಿ, ಮುಂದಿನ ಪಂದ್ಯದಲ್ಲಿ ಎಲ್ಲರೂ ಗೋಲಿನ ಕಡೆ ನುಗ್ಗುವಾಗ ನಾನು ಪೆನಾಲ್ಟಿ ಸ್ಪಾಟ್ ಹತ್ತಿರ ಬ್ರೇಕ್ ಹಾಕಿ ನಿಂತೆ. ಚೆಂಡು ಕಾಲಿಗೇ ಬಂತು. ದೇಶಕ್ಕೆ ನನ್ನ ಮೊದಲ ಗೋಲು ಹೀಗೆ ಓಡದೆ ನಿಂತಿದ್ದರಿಂದ ಬಂದದ್ದು.

ಇಟಲಿಯ ಸ್ಕಿಲಾಚಿ 1990ರ ವಿಶ್ವಕಪ್‌ನಲ್ಲಿ 6 ಗೋಲು ಹೊಡೆದು ಎಲ್ಲರಿಗಿಂತ ಮೇಲಿದ್ದರು. ದೇಶಕ್ಕಾಗಿ ಒಟ್ಟು ಹೊಡೆದದ್ದು 7. ಜರ್ಮನಿಯ ಕ್ಲೋಸ ನಾಲ್ಕು ವಿಶ್ವಕಪ್‌ಗಳಲ್ಲಿ ಸೇರಿ 16. ಸ್ಕಿಲಾಚಿಯನ್ನು ಅದೃಷ್ಟದ ಕೂಸು ಅನ್ನುವವರ ಜೊತೆ ನಾನು ಜಗಳಕ್ಕೆ ಬರುತ್ತೇನೆ. ಆ ಒಂದು ತಿಂಗಳು ಒಂದೇ ತಂಡ ಪ್ರತಿದಿನ ಒಟ್ಟಿಗೆ ಇತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ದೇಶಕ್ಕೆ ಆಡಿ ಬಂದಾಗ ಕ್ಲಬ್‌ನವರ ಮುಖ ಬಾಡುತ್ತದೆ. ಸಂಬಳ ಕೊಡುವವರು ಅವರು, ಕಾಲು ಸವೆಸುವವರು ಇನ್ನೊಬ್ಬರು. ಫಿಫಾ ಗೊತ್ತುಮಾಡಿದ ದಿನಗಳಲ್ಲಿ ಬಿಟ್ಟುಕೊಡಲೇಬೇಕು, ಬಿಡುತ್ತಾರೆ. 27ನೇ ವಯಸ್ಸಿನಲ್ಲಿ ಒಂದು ಅರ್ಹತಾ ಪಂದ್ಯದಲ್ಲಿ ತೊಡೆಯ ಹಿಂದೆ ಚುರುಕ್ ಅಂತು. ಹ್ಯಾಮ್‌ಸ್ಟ್ರಿಂಗ್. ಹೇಳಿದರೆ ಕ್ಲಬ್ ಮುಂದಿನ ಸಲ ಗೊಣಗುತ್ತದೆ ಎಂದು ಮುಚ್ಚಿಟ್ಟೆ. ಒಂಬತ್ತು ದಿನದ ಮೇಲೆ ಕ್ಲಬ್ ಪಂದ್ಯದಲ್ಲಿ ಪೂರ್ತಿ ಹರಿಯಿತು. ನಾಲ್ಕು ತಿಂಗಳು. ಆಮೇಲೂ ಬೇಗ ಇಳಿಸಿದರು, ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಮತ್ತೆ ಆರು ವಾರ. ಬೇರೆಯವರನ್ನು ದೂರಿ ಪ್ರಯೋಜನವಿಲ್ಲ, ಮೊದಲ ಸುಳ್ಳು ನನ್ನದೇ. ನೆದರ್ಲೆಂಡ್ಸ್‌ನ ಸ್ಟ್ರೈಕರ್ ವಾನ್ ಬಾಸ್ಟೆನ್ ಅಂಥವರು ಪಾದದ ಕೀಲಿನ ನೋವಿಗೆ ಸಿಕ್ಕಿ 28ಕ್ಕೇ ಕೊನೆಯ ಪಂದ್ಯ ಆಡಿದ್ದನ್ನು ಆ ನಾಲ್ಕು ತಿಂಗಳಲ್ಲಿ ದಿನಾ ನೆನೆಯುತ್ತಿದ್ದೆ.

ದುಡ್ಡಿನ ವಿಷಯ ಹೆಚ್ಚು ಹೇಳಲಾರೆ. 1995ರ ಬಾಸ್ಮನ್ ತೀರ್ಪಿನ ನಂತರ ಯುರೋಪಿನಲ್ಲಿ ಒಪ್ಪಂದ ಮುಗಿದ ಆಟಗಾರ ವರ್ಗಾವಣೆ ಶುಲ್ಕವಿಲ್ಲದೆ ಬೇರೆ ಕ್ಲಬ್ ಸೇರಬಹುದು, ಇದನ್ನು ಏಜೆಂಟರು ಚೆನ್ನಾಗಿ ಬಲ್ಲರು. ಒಂದು ಮಾತು ಮಾತ್ರ: ಗೋಲಿಗೆ ಇಷ್ಟು ಎಂದು ಬೋನಸ್ ಬರೆಸಿಕೊಂಡರೆ ಅದನ್ನು ಡ್ರೆಸಿಂಗ್ ರೂಮಿನಲ್ಲಿ ಬಾಯಿಬಿಡಬೇಡಿ. ನಾನು ಬಿಟ್ಟೆ. ಎರಡು ತಿಂಗಳು ಪಾಸ್‌ಗಳು ಯಾಕೋ ತಡವಾಗಿ ಬರತೊಡಗಿದವು.

ಗೋಲು ಬತ್ತಿದ ಕಾಲವೂ ಬಂತು. 11 ಪಂದ್ಯ, ಒಂದೂ ಇಲ್ಲ. ಬೂಟು ಬದಲಿಸಿದೆ, ಹಳೆಯ ಬೂಟಿಗೇ ಮರಳಿದೆ. ಅಭ್ಯಾಸದಲ್ಲಿ ನೂರು ಚೆಂಡು ಹೊಡೆದೆ. ಒಂದು ದಿನ ಸಹಾಯಕ ಕೋಚ್ ಕೂರಿಸಿ ವಿಡಿಯೊ ತೋರಿಸಿದರು. ತಪ್ಪಿದ ಹೊಡೆತಗಳಿರಬಹುದು ಅಂದುಕೊಂಡೆ, ಅದರಲ್ಲಿ ಒಂದು ಹೊಡೆತವೂ ಇರಲಿಲ್ಲ. ಕ್ರಾಸ್ ಬರುವಾಗ ನಾನು ನಿಂತೇ ಇದ್ದ 14 ತುಣುಕು. "ನಿನ್ ಕಾಲಿಗೇನೂ ಆಗಿಲ್ಲ ಕಣೋ. ಚೆಂಡು ಬರಲ್ಲ ಅಂತ ನೀನೇ ತೀರ್ಮಾನ ಮಾಡಿಬಿಟ್ಟಿದೀಯ," ಅಂದರು. ಹತ್ತು ಓಟದಲ್ಲಿ ಒಂಬತ್ತು ದಂಡವಾಗುತ್ತವೆ. ಯಾವುದು ಆ ಹತ್ತನೆಯದು ಎಂದು ಮೊದಲೇ ಹೇಳುವವರಿಲ್ಲ. ನಾನು ದಂಡದ ಓಟಗಳನ್ನು ಉಳಿಸಿಕೊಳ್ಳುತ್ತಿದ್ದೆ. 12ನೇ ಪಂದ್ಯದಲ್ಲೂ ಗೋಲು ಬರಲಿಲ್ಲ, 13ರಲ್ಲಿ ಮೊಣಕಾಲಿಗೆ ತಗುಲಿ ಒಂದು ಒಳಗೆ ಹೋಯಿತು. ಅಷ್ಟು ಕೊಳಕು ಗೋಲಿಗೆ ಅಷ್ಟು ಕುಣಿದವನು ಇನ್ನೊಬ್ಬನಿಲ್ಲ.

31 ದಾಟಿದ ಮೇಲೆ ಮೊದಲ ಐದು ಮೀಟರಿನ ಚುರುಕು ಹೋಯಿತು. ಗೋಲಿಗೆ ಬೆನ್ನು ಕೊಟ್ಟು, ತೋಳು ಚಾಚಿ ಡಿಫೆಂಡರ್ ಎಲ್ಲಿದ್ದಾನೆಂದು ತಡವಿಕೊಂಡು, ಚೆಂಡು ಹಿಡಿದು ಪಕ್ಕಕ್ಕೆ ಕೊಡುವ ಆಟ ಕಲಿತೆ. ದೇಶದ ತಂಡದಿಂದ ಕರೆ ನಿಂತಿತು. ಹೇಳಿ ನಿಲ್ಲಿಸಿದ್ದಲ್ಲ, ಫೋನ್ ಬರಲಿಲ್ಲ ಅಷ್ಟೆ.

ಕೊನೆಯ ಪಂದ್ಯದಲ್ಲಿ ನಮ್ಮ ವಿಂಗರ್‌ಗೆ 19 ವರ್ಷ. ಸೀಸನ್ ಪೂರ್ತಿ ಅವನ ತಲೆ ನೋಡಿಕೊಂಡು ಬಂದಿದ್ದೆ. 86ನೇ ನಿಮಿಷಕ್ಕೆ ಅವನು ಎಡಬದಿಯಲ್ಲಿ ಚೆಂಡು ಮುಂದೆ ತಳ್ಳಿದ, ನಾನು ಹೊರಟೆ, ಕಾಲಿಗೇ ಬಂತು, ದೂರದ ಮೂಲೆಗೆ ಹೊಡೆದೆ. ಎಲ್ಲರೂ ನನ್ನ ಮೇಲೆ ಬಿದ್ದರು. ಮೇಲೆದ್ದು ನೋಡಿದರೆ ಲೈನ್ಸ್‌ಮನ್ ಬಾವುಟ ಎತ್ತಿಕೊಂಡು ನಿಂತಿದ್ದ. ಅರ್ಧ ಹೆಜ್ಜೆ ಮುಂದಿದ್ದೆ.

ಹುಡುಗ ಓಡಿ ಬಂದು, "ತಪ್ಪು ನಂದಣ್ಣ, ಕೊಡೋದು ತಡ ಆಯ್ತು," ಅಂದ. ಅವನು ಸರಿಯಾಗಿಯೇ ಕೊಟ್ಟಿದ್ದ. ತಲೆ ಇನ್ನೂ ಎತ್ತುವ ಮೊದಲೇ ಹೊರಟವನು ನಾನು. "ಪರವಾಗಿಲ್ಲ ಬಿಡೋ," ಅಂದೆ.