ಎಡಿಟರ್ ತೆಗೆದು ಕಸ್ಟಮ್ ರೋಲ್ ಹಾಕಿದ್ದು: 403 ಬಗೆಹರಿಸಿದ ನನ್ನ ಅನುಭವ

ಕಲಬುರಗಿಯ ಒಂದು ದಾಲ್ ಮಿಲ್ಲಿನ ಗೂಗಲ್ ಕ್ಲೌಡ್ ಪ್ರಾಜೆಕ್ಟಿನಲ್ಲಿ ಈಗ ಯಾರಿಗೂ ಎಡಿಟರ್ ರೋಲ್ (ಬಹುತೇಕ ಎಲ್ಲವನ್ನೂ ತಿದ್ದಲು ಬಿಡುವ ಅನುಮತಿ ಕಟ್ಟು) ಇಲ್ಲ. ಬಿಲ್ಲು, ತೂಕದ ಚೀಟಿ ಬಕೆಟ್‌ಗೆ (ಕ್ಲೌಡಿನಲ್ಲಿ ಫೈಲ್ ಇಡುವ ಜಾಗ) ಹಾಕುವ ಸರ್ವಿಸ್ ಅಕೌಂಟಿಗೆ (ಪ್ರೋಗ್ರಾಂ ಬಳಸುವ ಖಾತೆ) ಐದಾರು ಪರ್ಮಿಷನ್ನಿನ ಕಸ್ಟಮ್ ರೋಲ್, ಅಂದರೆ ನಾವೇ ಆರಿಸಿ ಮಾಡಿದ ರೋಲ್, ಅಷ್ಟೇ. "ಎಡಿಟರ್ ಕೊಟ್ ಬಿಡ್ರಿ ಸರ, ಇಲ್ಲಾಂದ್ರ ದಿನಾ 403 ಬರ್ತದ" ಅಂದವರೇ ಜಾಸ್ತಿ. 403 ಅಂದರೆ ಅನುಮತಿ ಇಲ್ಲ ಅನ್ನುವ ಎರರ್. ತೊಗರಿ ಸೀಸನ್ ಪೂರ್ತಿ ಓಡಿತು, ಒಂದು ಅಪ್‌ಲೋಡೂ ನಿಲ್ಲಲಿಲ್ಲ.

ರೋಲ್ ಮಾಡುವಾಗ ಬರುವ ಎರರ್ ಬೇರೆ, ಮಾಡಿದ ರೋಲ್ ಬಳಸುವಾಗ ಬರುವುದು ಬೇರೆ. ಮೊದಲನೆಯದಕ್ಕೆ ಐಎಎಂ.ರೋಲ್ಸ್.ಕ್ರಿಯೇಟ್ ಪರ್ಮಿಷನ್ ಬೇಕು (ಐಎಎಂ ಅಂದರೆ ಯಾರಿಗೆ ಯಾವ ಅನುಮತಿ ಅಂತ ನಿಭಾಯಿಸುವ ವ್ಯವಸ್ಥೆ), ಅದು ಎಡಿಟರ್‌ನಲ್ಲಿ ಇಲ್ಲ, ರೋಲ್ ಅಡ್ಮಿನಿಸ್ಟ್ರೇಟರ್‌ನಲ್ಲಿ ಇದೆ. ಪ್ರಾಜೆಕ್ಟ್ ಓನರ್ ಆದರೂ ಆರ್ಗನೈಸೇಷನ್ ಮಟ್ಟದ ರೋಲ್ ಮಾಡಲಾಗದು. ಪ್ರಾಜೆಕ್ಟುಗಳನ್ನು ಗುಂಪು ಮಾಡುವ ಫೋಲ್ಡರ್ ಮಟ್ಟದಲ್ಲಿ ಕಸ್ಟಮ್ ರೋಲ್ ಅನ್ನುವುದೇ ಇಲ್ಲ. ರೋಲಿನ ಐಡಿಯಲ್ಲಿ ಹೈಫನ್ ನಡೆಯದು, ಅಂಡರ್‌ಸ್ಕೋರ್ ಹಾಕಿ.

ವ್ಯೂವರ್‌ನಂಥ ರೆಡಿ ರೋಲ್ ಕಾಪಿ ಮಾಡಿ ಕತ್ತರಿಸುವ ದಾರಿ ಬೇಡವೇ ಬೇಡ. ಅದರಲ್ಲಿನ ರಿಸೋರ್ಸ್‌ಮ್ಯಾನೇಜರ್.ಪ್ರಾಜೆಕ್ಟ್ಸ್.ಲಿಸ್ಟ್ ಪ್ರಾಜೆಕ್ಟ್ ಮಟ್ಟದ ರೋಲಿಗೆ ಸಲ್ಲದು, "ನಾಟ್ ವ್ಯಾಲಿಡ್" ಅಂತ ವಾಪಸ್ ಬರುತ್ತದೆ. ಜಿಕ್ಲೌಡ್‌ನ ಲಿಸ್ಟ್-ಟೆಸ್ಟೆಬಲ್-ಪರ್ಮಿಷನ್ಸ್ ಓಡಿಸಿ, ನಾಟ್ ಸಪೋರ್ಟೆಡ್ ಇದ್ದವನ್ನು ಮೊದಲೇ ಬಿಡಿ. ಕೆಟ್ಟ ರೋಲ್ ಅಳಿಸಿ ಅದೇ ಐಡಿಯಲ್ಲಿ ಮತ್ತೆ ಮಾಡುವ ಆಸೆಯೂ ಬೇಡ: 7 ದಿನದೊಳಗೆ ಅನ್‌ಡಿಲೀಟ್ ಮಾಡಬಹುದು, ಅದು ದಾಟಿದರೆ ಐಡಿ ಒಂದು ತಿಂಗಳಾದರೂ ಸಿಗುವುದಿಲ್ಲ.

ನಾನು ಸ್ಟೋರೇಜ್.ಆಬ್ಜೆಕ್ಟ್ಸ್.ಕ್ರಿಯೇಟ್ (ಬಕೆಟ್ಟಿಗೆ ಫೈಲ್ ಹಾಕುವ ಅನುಮತಿ; ಬಕೆಟ್ಟಿನ ಫೈಲಿಗೆ ಆಬ್ಜೆಕ್ಟ್ ಅಂತಾರೆ) ಒಂದರಿಂದಲೇ ಶುರು ಮಾಡಿದೆ. ಬೆಳಿಗ್ಗೆಯ ಬಿಲ್ ಸಲೀಸಾಗಿ ಹೋಗುತ್ತದೆ. ಸಂಜೆ ಜಿಎಸ್‌ಟಿ ತಿದ್ದಿ ಅದೇ ಹೆಸರಿನ ಪಿಡಿಎಫ್ ಕಳಿಸಿದರೆ 403. ಎರರ್ ಸಾಲು ಪೂರ್ತಿ ಓದಿ, ಕೊರತೆ ಇರುವುದು ಸ್ಟೋರೇಜ್.ಆಬ್ಜೆಕ್ಟ್ಸ್.ಡಿಲೀಟ್. ಇದ್ದ ಫೈಲಿನ ಮೇಲೆ ಬರೆಯಲು ಡಿಲೀಟ್ ಬೇಕೇ ಬೇಕು. ಬಹಳ ಮಂದಿ ಎಡವಿ ಎಡಿಟರ್‌ಗೆ ಓಡುವುದು ಇಲ್ಲೇ. ಫೋಲ್ಡರ್ ಸಿಂಕ್ ಇದ್ದರೆ ಲಿಸ್ಟ್ ಸೇರಿಸಿ. ವಿಎಂಗೆ (ಕ್ಲೌಡಿನ ವರ್ಚುವಲ್ ಕಂಪ್ಯೂಟರ್) ಸರ್ವಿಸ್ ಅಕೌಂಟ್ ಕಟ್ಟುವವರಿಗೆ ಆ ಅಕೌಂಟಿನ ಮೇಲೆ ಐಎಎಂ.ಸರ್ವಿಸ್‌ಅಕೌಂಟ್ಸ್.ಆಕ್ಟ್‌ಆಸ್ ಬೇಕು. ಪ್ರತಿ ಬದಲಾವಣೆಯಾದ ಮೇಲೆ ಏಳೆಂಟು ನಿಮಿಷ ತಡೆಯಿರಿ, ಹಳೆಯ ಅನುಮತಿಯೇ ಅಷ್ಟು ಹೊತ್ತು ಉಳಿದಿರಬಹುದು. 

ದುಡ್ಡಿನ ಮಾತು. ಐಎಎಂಗೆ ಕಾಸಿಲ್ಲ. ಖರ್ಚು ಬರುವುದು ಡೇಟಾ ಆಕ್ಸೆಸ್ ಲಾಗಿನಿಂದ, ಅಂದರೆ ಯಾರು ಯಾವ ಡೇಟಾ ಓದಿದರು, ಬರೆದರು ಅನ್ನುವ ದಾಖಲೆಯಿಂದ. ಬಕೆಟ್ಟಿನ ಓದು-ಬರಹದಲ್ಲಿ ಎಲ್ಲಿ ತಡೆಯಿತು ಅನ್ನುವುದು ಅದನ್ನು ಆನ್ ಮಾಡದೆ ಲಾಗಿನಲ್ಲಿ ಕಾಣದು. ತಿಂಗಳಿಗೆ ಪ್ರಾಜೆಕ್ಟಿಗೆ 50 ಜಿಬಿ ತನಕ ಉಚಿತ, ಆಮೇಲೆ ಜಿಬಿಗೆ ಸುಮಾರು ಅರ್ಧ ಡಾಲರ್. ಸ್ಟೋರೇಜ್‌ಗೆ ಮಾತ್ರ ಆನ್ ಮಾಡಿ, ಪರೀಕ್ಷೆ ಮುಗಿದ ದಿನವೇ ಆಫ್ ಮಾಡಿ. ಎಲ್ಲ ಸರ್ವಿಸ್‌ಗೂ ಆನ್ ಇಟ್ಟು ಮರೆತರೆ ಸಣ್ಣ ಗಿರಾಕಿಯ ಬಿಲ್ಲಿಗೆ ಹೊಡೆತ ಖಚಿತ.

ಜೊತೆಗೆ ಇನ್ನೊಂದು ಪ್ರಯೋಗವೂ ನಡೆಯಿತು: ರೋಲ್ ಬಿಲ್ಲುಗಳ ಹಾದಿಗೆ ಮಾತ್ರ ಸೀಮಿತವಾಗಲಿ ಅಂತ ಆಬ್ಜೆಕ್ಟ್ ಹೆಸರಿನ ಮೇಲೆ ಐಎಎಂ ಕಂಡೀಷನ್ (ಷರತ್ತು) ಹಾಕುವುದು. ಇದಕ್ಕೆ ಬಕೆಟ್ಟಿನಲ್ಲಿ ಯೂನಿಫಾರ್ಮ್ ಆಕ್ಸೆಸ್ (ಒಂದೊಂದು ಫೈಲಿಗೆ ಬೇರೆ ಅನುಮತಿ ಇಲ್ಲದೆ ಎಲ್ಲವೂ ಐಎಎಂ ಮೂಲಕವೇ) ಆನ್ ಇರಬೇಕು. ಕ್ರಿಯೇಟ್, ಡಿಲೀಟ್ ಸರಿಯಾಗಿ ನಡೆದವು, ಲಿಸ್ಟ್ ಮಾತ್ರ 403. ಲಿಸ್ಟ್ ಪರೀಕ್ಷೆಯಾಗುವುದು ಬಕೆಟ್ ಮೇಲೆ, ಆಬ್ಜೆಕ್ಟಿನ ಮೇಲಲ್ಲ. ಹಾಗಾಗಿ ಕಂಡೀಷನ್ ತಾಳೆಯಾಗುವುದಿಲ್ಲ. ಲಿಸ್ಟ್‌ಗೆ ಬೇರೆ ಚಿಕ್ಕ ರೋಲ್ ಮಾಡಿ, ಕಂಡೀಷನ್ ಇಲ್ಲದೆ ಆ ಬಕೆಟ್ ಮೇಲಷ್ಟೇ ಕೊಟ್ಟಿದ್ದೇನೆ.