ದಾರದಲ್ಲಿ ಮೀನೀಟಿ: ಮಾಡುವ ಬಗೆ, ಓದುವ ಬಗೆ

ಪಪುವಾ ನ್ಯೂಗಿನಿಯ ಪೂರ್ವ ಸೆಪಿಕ್ ಪ್ರಾಂತ್ಯದಲ್ಲಿ ಕಂಜಿಮೇಯ್ ಎಂಬ ಹಳ್ಳಿ ಇದೆ. ಅಲ್ಲಿಯ ಅವಿಯಾಕಾಯ್ ಭಾಷೆಯನ್ನು ಆಡುವವರು ಸುಮಾರು 300 ಜನ. ಕುಣಿಕೆ ದಾರವನ್ನು ಬೆರಳಿಗೆ ಸಿಕ್ಕಿಸಿ ಆಕೃತಿ ಕಟ್ಟುವ ಆಟ ಅವರಲ್ಲೂ ಉಂಟು, ನ್ಯೂಗಿನಿ ಮತ್ತು ಸುತ್ತಲ ಪೆಸಿಫಿಕ್ ದ್ವೀಪಗಳನ್ನೊಳಗೊಂಡ ಮೆಲನೇಷ್ಯಾದ ಉದ್ದಗಲಕ್ಕೂ ಉಂಟು. ಅವರ ಆಟ ಅರ್ಥವಾಗಬೇಕಾದರೆ ಮೊದಲು ಒಂದು ಆಕೃತಿಯಾದರೂ ಸ್ವಂತ ಬೆರಳಲ್ಲಿ ಕೂರಬೇಕು. ಇಲ್ಲಿ ಹೇಳಿಕೊಡುತ್ತಿರುವುದು ಅವಿಯಾಕಾಯರದಲ್ಲ. ದಕ್ಷಿಣಕ್ಕೆ, ನ್ಯೂಗಿನಿಗೂ ಆಸ್ಟ್ರೇಲಿಯಾಕ್ಕೂ ನಡುವಿನ ಟಾರೆಸ್ ಜಲಸಂಧಿಯ ದ್ವೀಪಗಳಲ್ಲಿ ದಾಖಲಾದ ಮೂರು ಮೊನೆಯ ಮೀನೀಟಿ. ಕಲಿಯುವವರಿಗೆ ಇದಕ್ಕಿಂತ ಸುಲಭವಾದದ್ದು ಕಡಿಮೆ.

ಮೊದಲು ದಾರ. ಎರಡು ಮೀಟರ್ ಉದ್ದ, ಎರಡು ಮೂರು ಮಿಲಿಮೀಟರ್ ದಪ್ಪದ ಮೆತ್ತನೆಯ ಹತ್ತಿ ಹುರಿ ಸಾಕು. ಮಕ್ಕಳಿಗಾದರೆ ಒಂದೂವರೆ ಮೀಟರ್. ತುದಿಗಳನ್ನು ಸೇರಿಸಿ ಗಂಟು ಹಾಕಿ, ಉಳಿದ ಬಾಲವನ್ನು ಗಂಟಿನ ಹತ್ತಿರಕ್ಕೇ ಕತ್ತರಿಸಿ. ಉಬ್ಬಿದ ಗಂಟು ಎಳೆಗಳ ನಡುವೆ ಸಿಕ್ಕಿಕೊಂಡು ಆಕೃತಿ ಅರ್ಧಕ್ಕೇ ನಿಲ್ಲುತ್ತದೆ. ಹೊಲಿಗೆ ದಾರ ಬೇಡ, ಬೆರಳು ಕೊಯ್ಯುತ್ತದೆ. ನ್ಯೂಗಿನಿಯಲ್ಲಿ ಮರದ ನಾರನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡುತ್ತಾರೆ. ಬಿಲುಮ್ ಎಂಬ ಜಾಳಿಗೆ ಚೀಲವನ್ನು ಸಾಂಪ್ರದಾಯಿಕವಾಗಿ ಹೆಣೆಯುವುದೂ ಅಂಥ ಹುರಿಯಿಂದಲೇ.

ಎರಡೂ ಅಂಗೈಗಳು ಎದುರುಬದುರಾಗಿರಲಿ. ಕುಣಿಕೆಯನ್ನು ಎರಡೂ ಕೈಗಳ ಹೆಬ್ಬೆರಳು, ಕಿರುಬೆರಳುಗಳ ಹಿಂದಿನಿಂದ ಹಾಕಿ. ಆಗ ಪ್ರತಿ ಅಂಗೈಯ ಮುಂದೆ ಒಂದು ಅಡ್ಡ ಎಳೆ, ಕೈಗಳ ನಡುವೆ ಎರಡು ನೇರ ಎಳೆಗಳು ಕಾಣಬೇಕು. ಬಲ ತೋರುಬೆರಳನ್ನು ಎಡಗೈಯ ಅಡ್ಡ ಎಳೆಯ ಕೆಳಗೆ ತೂರಿಸಿ ಎಳೆಯನ್ನು ಎತ್ತಿಕೊಳ್ಳಿ. ಬಲಕ್ಕೆ ಎಳೆಯುತ್ತಾ ಆ ಬೆರಳನ್ನು ಎರಡು ಸುತ್ತು ತಿರುಗಿಸಿ. ಅದರ ಮೇಲಿನ ಕುಣಿಕೆ ಹುರಿಗೊಳ್ಳುತ್ತದೆ. ಈ ಸುತ್ತು ಮರೆತರೆ ಈಟಿಯ ಬುಡ ಬಿಗಿಯುವುದಿಲ್ಲ, ಮೊನೆಗಳು ಸಡಿಲವಾಗಿ ಅಗಲುತ್ತವೆ.

ಮುಂದಿನದು ಹೆಚ್ಚಿನವರು ಎಡವುವ ಜಾಗ. ಎಡ ತೋರುಬೆರಳು ಬಲಗೈಯ ಅಡ್ಡ ಎಳೆಯನ್ನು ಎತ್ತಬೇಕು, ಆದರೆ ಬಲ ತೋರುಬೆರಳಿನ ಕುಣಿಕೆಯ ಒಳಗಿನಿಂದಲೇ. ಕುಣಿಕೆಯ ಎರಡು ಎಳೆಗಳ ನಡುವೆ, ಹುರಿಗಿಂತ ಬಲಕ್ಕೆ, ಬೆರಳು ಇಳಿಯಲಿ. ಹೊರಗಿನಿಂದ ಎತ್ತಿದರೆ ಆ ಕ್ಷಣಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎಳೆ ಬಿಟ್ಟಾಗ ಮಾತ್ರ ಕೈಯಲ್ಲಿ ಬರಿಯ ದಾರ. ಕೊನೆಗೆ ಬಲ ಹೆಬ್ಬೆರಳು, ಕಿರುಬೆರಳುಗಳನ್ನು ಬಿಡಿಸಿ ಕೈಗಳನ್ನು ನಿಧಾನವಾಗಿ ದೂರ ಸರಿಸಿ. ಎಡಗೈಯ ಮೂರು ಬೆರಳಲ್ಲಿ ಮೂರು ಮೊನೆ, ಬಲ ತೋರುಬೆರಳಲ್ಲಿ ಹಿಡಿ. ಜಗ್ಗಿದರೆ ಹುರಿ ಗಂಟಾದೀತು.

ಇದೇ ಆಕೃತಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಥಾಂಪ್ಸನ್ ಜನರಲ್ಲಿ ಡೇರೆ ಹೂಡುವುದಾಗುತ್ತದೆ. ಆದ್ದರಿಂದ ಚಿತ್ರ ನೋಡಿ ಅರ್ಥ ಊಹಿಸುವ ಅಭ್ಯಾಸ ಒಳ್ಳೆಯದಲ್ಲ. ಪಪುವಾದ ಕೀವಾಯ್ ಜನರಲ್ಲಿ ಈ ಆಟಕ್ಕೂ ಯಾಮ್ ಎಂಬ ಗೆಣಸಿನ ಬಳ್ಳಿಗೂ ನಂಟಿದೆ: ಬಳ್ಳಿ ಚಿಗುರಿ ಕೋಲಿಗೆ ಹಬ್ಬುವ ಕಾಲದಲ್ಲಿ ಆಡಿದರೆ ಅದು ಚೆನ್ನಾಗಿ ಸುತ್ತಿಕೊಳ್ಳುತ್ತದೆಂದು ನಂಬಿಕೆ. ಪಪುವಾ ನ್ಯೂಗಿನಿಗೇ ಸೇರಿದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಹಲವು ಆಕೃತಿಗಳ ಜೊತೆಗೇ ಹೇಳುವ ಪದ್ಯಗಳಿವೆ.

ಬೆರಳಿನ ಚಲನೆಯನ್ನು ಕರಾರುವಾಕ್ಕಾಗಿ ಬರೆಯುವ ಕ್ರಮವನ್ನು ಬ್ರಿಟಿಷ್ ಮಾನವಶಾಸ್ತ್ರಜ್ಞರಾದ ರಿವರ್ಸ್ ಮತ್ತು ಹ್ಯಾಡನ್ 1902ರಲ್ಲೇ ಕೊಟ್ಟರು. ಅದು ಕೈಗಳನ್ನು ಹಿಡಿದಿಟ್ಟಿತು, ಬಾಯನ್ನಲ್ಲ. ಕಂಜಿಮೇಯ್‌ನಲ್ಲಿ ಕೆಲಸ ಮಾಡಿದ ಭಾಷಾ ಸಂಶೋಧಕಿ ಡಾರ್ಯಾ ಹೋನಿಗ್‌ಮನ್ ದಾರದಾಟದ ವಿಡಿಯೊಗಳನ್ನು ಮಾತುಸಹಿತ ಅಕ್ಷರಕ್ಕಿಳಿಸಿ, 2020ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೆ ಮಾತನ್ನೇ ಎತ್ತಿದರು. ಆಟಕ್ಕೆ ಅಂಟಿದ ಹಾಡು, ಕಥೆಯಷ್ಟೇ ಅಲ್ಲ, ಆಡುವಾಗ ಬಾಯಿಗೆ ಬಂದ ಸಹಜ ಮಾತೂ ಭಾಷಾ ದಾಖಲೆಗೆ ಬೇಕು ಎಂಬುದು ಅವರ ವಾದ. ಈ ವಾದ ಸರಿಯಾದದ್ದೇ.

ಹಾಗಾಗಿ ನಿಮ್ಮ ಊರಿನ ಅಜ್ಜಿಯ ದಾರದಾಟವನ್ನು ಚಿತ್ರೀಕರಿಸುವಾಗ ಒಂದು ಫೋನ್ ಅವರ ಹೆಗಲ ಹಿಂದಿರಲಿ. ಆಗ ಎಡ ಬಲ ಅದಲುಬದಲಾಗದು. ಇನ್ನೊಂದು ಎದುರಿಗಿರಲಿ, ಮುಖ ಕಾಣುವಂತೆ. ಎಳೆ ಎತ್ತುವಾಗ, ಬಿಡುವಾಗ ಅವರು ಬಳಸುವ ಕ್ರಿಯಾಪದವನ್ನು ತಿದ್ದದೆ ಬರೆದುಕೊಳ್ಳಿ. ಆಕೃತಿ ಕೆಟ್ಟಾಗಲೂ ರೆಕಾರ್ಡಿಂಗ್ ನಿಲ್ಲಿಸಬೇಡಿ. "ಅಯ್ಯೋ, ಈ ಎಳೆ ಅಲ್ಲ, ಆಚೆಯದು" ಎಂಬ ಮಾತು ಬರುವುದೇ ಆಗ.